ಹಾಲಿ ಸಿಕ್ಕಾದಿಂದ ಕಲ್ದಾರ್‌ಗೆ: ಹಳೆಯ ಪತ್ರದ ರೂಪಾಯಿಯನ್ನು ಲೆಕ್ಕ ಹಾಕುವ ಕ್ರಮ

ರಾಯಚೂರು, ಕೊಪ್ಪಳ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮುತ್ತಜ್ಜನ ಖರೀದಿ ಪತ್ರದಲ್ಲೋ ಭೋಗ್ಯ ಪತ್ರದಲ್ಲೋ ‘ಸಿಕ್ಕಾ ಇಷ್ಟು ರೂಪಾಯಿ’ ಎಂದು ಬರೆದಿದೆ, ಅದು ನಮ್ಮ ರೂಪಾಯಿಯಲ್ಲಿ ಎಷ್ಟು? ಕೇಳುವವರಲ್ಲಿ ಅರ್ಧದಷ್ಟು ಮಂದಿಗೆ ಮನೆಯ ಹಿರಿಯರು ಆಗಲೇ ಉತ್ತರ ಹೇಳಿಬಿಟ್ಟಿರುತ್ತಾರೆ: ‘ಏಳಕ್ಕೆ ಆರು’, ಅಂದರೆ ಏಳು ಸಿಕ್ಕಾ ರೂಪಾಯಿಗೆ ಆರು ಬ್ರಿಟಿಷ್ ರೂಪಾಯಿ. ಉತ್ತರ ಸರಿಯೇ. ಆದರೆ ಅದು ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ, ಎಲ್ಲ ಊರಿಗೂ ಸಲ್ಲುವುದಿಲ್ಲ, ಒಂದೇ ಮನೆಯ ಗಂಟಿನಲ್ಲಿರುವ ಎಲ್ಲ ಕಾಗದಕ್ಕೂ ಸಲ್ಲುವುದಿಲ್ಲ. ಗುಣಿಸಿ ಭಾಗಿಸುವುದನ್ನು ಶಾಲೆಯ ಹುಡುಗನೂ ಮಾಡುತ್ತಾನೆ. ಯಾವ ರೂಪಾಯಿ, ಯಾವ ವರ್ಷದ್ದು ಎಂದು ಇತ್ಯರ್ಥ ಮಾಡುವುದೇ ನಿಜವಾದ ಕೆಲಸ. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಮೊದಲು ನಾಲ್ಕು ಮಾತುಗಳ ಅರ್ಥ

ಹಾಲಿ ಸಿಕ್ಕಾ ಎಂದರೆ ಹೈದರಾಬಾದ್ ಸಂಸ್ಥಾನದ ಸ್ವಂತ ರೂಪಾಯಿ. 1911ರಲ್ಲಿ ಮೀರ್ ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದ ಮೇಲಿನ ಹಣಕ್ಕೆ ಉಸ್ಮಾನಿಯಾ ಸಿಕ್ಕಾ ಎಂಬ ಹೆಸರು ಬಂತು. ಇಂಗ್ಲಿಷ್ ವರದಿಗಳಲ್ಲಿ ಇದನ್ನು ಚುಟುಕಾಗಿ ‘ಓ.ಎಸ್.’ ಎಂದು ಬರೆಯುತ್ತಿದ್ದರು. ಕಲ್ದಾರ್ ಎಂದರೆ ಬ್ರಿಟಿಷ್ ಇಂಡಿಯಾದ ರೂಪಾಯಿ. ಯಂತ್ರದಲ್ಲಿ ಅಚ್ಚು ಹಾಕಿದ್ದು ಎಂಬ ಅರ್ಥದ ಹೆಸರು. ಕಾಗದಗಳಲ್ಲಿ ಇದು ‘ಬಿ.ಜಿ.’ ಅಥವಾ ‘ಐ.ಜಿ.’ ಎಂದೂ ಕಾಣುತ್ತದೆ. ವಟ್ಟ ಎಂದರೆ ಒಂದು ನಾಣ್ಯ ಕೊಟ್ಟು ಇನ್ನೊಂದನ್ನು ಪಡೆಯುವಾಗ ಚಿನಿವಾರರು, ಅಂದರೆ ನಾಣ್ಯ ಬದಲಿಸಿಕೊಡುವವರು, ಮುರಿದುಕೊಳ್ಳುತ್ತಿದ್ದ ಹಣ. ಫಸಲಿ ಎಂದರೆ ಕಂದಾಯದ ವರ್ಷ. ಇದರ ಲೆಕ್ಕ ಮೂರನೆಯ ಹಂತದಲ್ಲಿದೆ.

ಕೈಗೆ ಬೇಕಾದವು: ಮೂಲ ಪತ್ರ ಅಥವಾ ಅದರ ಸ್ಪಷ್ಟ ಫೋಟೋ, ಉರ್ದು ಓದಬಲ್ಲ ಒಬ್ಬರು, ಕಾಗದ, ಪೆನ್ಸಿಲ್. ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸರಿ, ಆದರೆ ಆಣೆ ಪೈ ಲೆಕ್ಕಕ್ಕೆ ಅದು ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಎರಡು ಹಳೆಯ ನಾಣ್ಯಗಳ ದರವನ್ನು ಅಂತರ್ಜಾಲದ ವಿನಿಮಯ ಪರಿವರ್ತಕಗಳಲ್ಲಿ ಹುಡುಕಿ ಹೊತ್ತು ಕಳೆಯಬೇಡಿ. ಅಲ್ಲಿ ಹಾಲಿ ಸಿಕ್ಕಾ ಇರುವುದಿಲ್ಲ.

1. ಊರು ಯಾವ ದಡದ್ದು ಎಂದು ನೋಡಿ

ತುಂಗಭದ್ರೆಯ ಉತ್ತರ ದಡ ನಿಜಾಮರದು, ದಕ್ಷಿಣ ದಡ ಮದ್ರಾಸ್ ಪ್ರೆಸಿಡೆನ್ಸಿಯದು. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ಮೇಲೆ ಹೊಳೆಯೇ ಎರಡು ನಾಣ್ಯಗಳ ಗಡಿಯಾಯಿತು. ಆನೆಗೊಂದಿ, ಗಂಗಾವತಿ, ಮುನಿರಾಬಾದ್, ಸಿಂಧನೂರು, ಮಾನ್ವಿ ಒಂದು ಕಡೆ; ಹೊಸಪೇಟೆ, ಕಂಪ್ಲಿ, ಸಿರುಗುಪ್ಪ ಇನ್ನೊಂದು ಕಡೆ.

ಆದ್ದರಿಂದ ಕಂಪ್ಲಿ, ಹೊಸಪೇಟೆ ಕಡೆಯ ಜಮೀನಿನ ಪತ್ರವಾದರೆ ಇಲ್ಲಿಗೇ ನಿಲ್ಲಿಸಿ. ಅದು ಕಲ್ದಾರ್ ರೂಪಾಯಿಯೇ, ಯಾವ ಪರಿವರ್ತನೆಯೂ ಬೇಡ. ಇದನ್ನು ಒತ್ತಿ ಹೇಳಲು ಕಾರಣವಿದೆ. ಈಗ ಎಲ್ಲವೂ ‘ಕಲ್ಯಾಣ ಕರ್ನಾಟಕ’ವೇ ಆಗಿರುವುದರಿಂದ ಬಳ್ಳಾರಿಯ ಪತ್ರಕ್ಕೂ ಏಳಕ್ಕೆ ಆರು ಹಚ್ಚಿ, ಇದ್ದ ಮೊತ್ತದಲ್ಲಿ ಏಳನೆಯ ಒಂದು ಪಾಲನ್ನು ಸುಮ್ಮನೆ ಕಳೆದುಕೊಂಡವರು ಇದ್ದಾರೆ. ತುಂಗಭದ್ರಾ ಅಣೆಕಟ್ಟನ್ನು 1945ರಿಂದ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಕೂಡಿಯೇ ಕಟ್ಟಿಸಿದವು. ಮುಳುಗಡೆಯ ಕಾಗದ ನೋಡುವವರು ಊರು ಯಾವ ಸರ್ಕಾರದ ಕೆಳಗಿತ್ತು ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ.

ಕೊಪ್ಪಳ, ಯಲಬುರ್ಗಾ ಕಡೆಯವರಿಗೆ ಇನ್ನೊಂದು ಮಾತು. ಆ ಸೀಮೆ ಸಾಲಾರ್ ಜಂಗ್ ಮನೆತನದ ಜಹಗೀರು. ಹಣ ಹಾಲಿ ಸಿಕ್ಕಾವೇ ಆದರೂ ಆಡಳಿತ ಬೇರೆ ಇತ್ತು. 1949ರಲ್ಲಿ ಜಹಗೀರುಗಳು ರದ್ದಾಗುವವರೆಗಿನ ದಾಖಲೆ ರಾಯಚೂರಿನ ಸರ್ಕಾರಿ ದಫ್ತರದಲ್ಲಿ ಸಿಗಲಿಲ್ಲವೆಂದು ಎದೆಗುಂದಬೇಡಿ.

2. ಪತ್ರದೊಳಗಿನ ರೂಪಾಯಿ ಯಾವುದು ಎಂದು ನೋಡಿ

ಊರು ನಿಜಾಮರದೇ ಆಗಿದ್ದರೂ ಪತ್ರದ ಹಣ ಹಾಲಿ ಸಿಕ್ಕಾವೇ ಆಗಿರಬೇಕೆಂದಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಮೇಲ್ಭಾಗದಲ್ಲಿ ನಿಜಾಮ್ ಸರ್ಕಾರದ ಛಾಪಾ ಕಾಗದ ಕಂಡ ಕೂಡಲೇ ಎಲ್ಲವನ್ನೂ ಸಿಕ್ಕಾ ಎಂದುಕೊಳ್ಳುತ್ತಾರೆ. ಛಾಪಾ ಕಾಗದದ ಬೆಲೆ ಹೇಳುವುದು ಆ ಕಾಗದಕ್ಕೆ ತೆತ್ತ ಶುಲ್ಕವನ್ನು ಮಾತ್ರ. ಒಳಗಿನ ವ್ಯವಹಾರ ಯಾವ ನಾಣ್ಯದಲ್ಲಿ ಎಂಬುದನ್ನು ಬರವಣಿಗೆಯೇ ಹೇಳಬೇಕು. ಬಳ್ಳಾರಿ, ಆದವಾನಿಯ ಹತ್ತಿ ವ್ಯಾಪಾರಿಯ ಹತ್ತಿರ ಮುಂಗಡ ತೆಗೆದುಕೊಂಡ ರಾಯಚೂರಿನ ರೈತನ ಕರಾರು ಕಲ್ದಾರ್‌ನಲ್ಲಿ ಇರುವುದು ಸಹಜ. ಬ್ರಿಟಿಷ್ ಅಂಚೆಯ ಮನಿಯಾರ್ಡರ್ ರಸೀದಿ ಕಲ್ದಾರ್ ಲೆಕ್ಕದ್ದೇ. ರಾಯಚೂರು ನಿಲ್ದಾಣದಲ್ಲಿ 1871ರಲ್ಲಿ ಬಂದು ಕೂಡಿದ ಎರಡು ರೈಲು ಮಾರ್ಗಗಳೂ ಮುಂಬಯಿ ಮತ್ತು ಮದ್ರಾಸ್ ಕಡೆಯ ಕಂಪನಿಗಳವು. ರೈಲಿನ ಸಾಗಣೆ ರಸೀದಿಯನ್ನು ಸಿಕ್ಕಾ ಎಂದು ಊಹಿಸಿಕೊಳ್ಳುವ ಮೊದಲು ಎರಡು ಸಲ ನೋಡಿ.

ಮೊತ್ತದ ಅಕ್ಕಪಕ್ಕದಲ್ಲಿ ‘ಹಾಲಿ’, ‘ಸಿಕ್ಕಾ ಉಸ್ಮಾನಿಯಾ’, ‘ಕಲ್ದಾರ್’ ಇವುಗಳಲ್ಲಿ ಒಂದು ಮಾತು ಇದೆಯೇ ಎಂದು ಉರ್ದು ಬಲ್ಲವರಿಂದ ಓದಿಸಿ. ಕಂದಾಯದ ರಸೀದಿಯಾಗಿದ್ದು ಏನೂ ಬರೆದಿಲ್ಲದಿದ್ದರೆ ಸಿಕ್ಕಾ ಎಂದು ಹಿಡಿಯಬಹುದು. ಖಾಸಗಿ ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ ಎರಡೂ ರೀತಿ ಲೆಕ್ಕ ಹಾಕಿ ಎರಡನ್ನೂ ಬರೆದಿಡಿ. ಒಂದನ್ನೇ ಖಚಿತವೆಂದು ಹೇಳುವುದು ಪ್ರಾಮಾಣಿಕ ಲೆಕ್ಕವಲ್ಲ.

ಗಂಟಿನಲ್ಲಿ ನೋಟು, ನಾಣ್ಯ ಸಿಕ್ಕಿದ್ದರೆ ಅವೂ ಸಾಕ್ಷಿ ಹೇಳುತ್ತವೆ. ನೋಟಿನ ಮೇಲೆ ಕನ್ನಡ ಇದೆ ಎಂದ ಮಾತ್ರಕ್ಕೆ ಏನೂ ತೀರ್ಮಾನವಾಗುವುದಿಲ್ಲ. ನಿಜಾಮರ ನೋಟಿನಲ್ಲೂ ಕನ್ನಡ ಇತ್ತು, ಬ್ರಿಟಿಷರ ನೋಟಿನಲ್ಲೂ ಇತ್ತು. ನಾಣ್ಯವಾದರೆ ಗುರುತು ಸುಲಭ. ಇಪ್ಪತ್ತನೆಯ ಶತಮಾನದ ಹೈದರಾಬಾದ್ ರೂಪಾಯಿಯ ಮೇಲೆ ಚಾರ್‌ಮಿನಾರ್ ಇರುತ್ತದೆ. ಅದರ ನಡುವಿನ ಬಾಗಿಲೊಳಗೆ ಒಂದೇ ಒಂದು ಅಕ್ಷರ ಕೂತಿರುತ್ತದೆ, ಭೂತಗನ್ನಡಿ ಹಿಡಿದು ನೋಡಿ. ‘ಮೀಮ್’ ಇದ್ದರೆ ಮಹಬೂಬ್ ಅಲಿ ಖಾನರ ಕಾಲದ್ದು, ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನರ ಕಾಲದ್ದು. ಸವೆದ ನಾಣ್ಯದಲ್ಲೂ ಈ ಬಾಗಿಲು ಬಹಳ ಸಲ ಉಳಿದಿರುತ್ತದೆ.

3. ತಾರೀಖನ್ನು ಬಿಡಿಸಿಕೊಳ್ಳಿ

ದರ ವರ್ಷದ ಮೇಲೆ ನಿಂತಿದೆ. ವರ್ಷ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ 6ರ ಹೊತ್ತಿಗೆ ಶುರುವಾಗುತ್ತಿತ್ತು. ಮೊದಲ ತಿಂಗಳು ಆಜುರ್. ಆಮೇಲೆ ದೈ, ಬಹ್ಮನ್, ಇಸ್ಫಂದಾರ್, ಫರ್ವರ್ದಿ, ಅರ್ದಿಬಿಹಿಷ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್. ಮೊದಲ ಮೂರು ತಿಂಗಳಿಗೆ ಫಸಲಿ ಸಂಖ್ಯೆಗೆ 590 ಕೂಡಿಸಿ, ಉಳಿದವಕ್ಕೆ 591. ಬಹ್ಮನ್ 1338 ಎಂದರೆ 1928ರ ಡಿಸೆಂಬರ್ ಆಸುಪಾಸು. ಖುರ್ದಾದ್ 1338 ಎಂದರೆ 1929ರ ಏಪ್ರಿಲ್. ಬಹ್ಮನ್ ಕೊನೆಯ ದಿನಗಳು ಜನವರಿಗೆ ತಾಗಬಹುದು; ಅಲ್ಲಿ ಒಂದು ವರ್ಷದ ವ್ಯತ್ಯಾಸ ಬಂದರೂ ಹಣದ ಲೆಕ್ಕ ಕೆಡುವುದು ಅಪರೂಪ. ಲೆಕ್ಕ ಸರಿ ಬಂತೇ ಎಂದು ಪರೀಕ್ಷಿಸಲು ಒಂದು ಉದಾಹರಣೆ ಇಟ್ಟುಕೊಳ್ಳಿ: 1949ರ ಆಗಸ್ಟ್‌ನ ಜಹಗೀರು ರದ್ದತಿ ಕಾನೂನಿನ ಹೆಸರಲ್ಲೇ 1358 ಫಸಲಿ ಇದೆ.

ಬಳ್ಳಾರಿ ಕಡೆಯ ಫಸಲಿ ಜುಲೈ 1ಕ್ಕೆ ಶುರುವಾಗುವ ಬೇರೆ ಫಸಲಿ. ಸಂಖ್ಯೆ ಒಂದೇ ಆದರೂ ತಿಂಗಳು ಒಂದಲ್ಲ.

ಇನ್ನೊಂದು ಗುಂಡಿ ಹಿಜರಿ. ನಾಣ್ಯಗಳ ಮೇಲೆ ಹಿಜರಿ ವರ್ಷವಿರುತ್ತದೆ, ಕೆಲವು ಪತ್ರಗಳಲ್ಲಿ ಎರಡೂ ಇರುತ್ತವೆ. 1343 ಹಿಜರಿ ಎಂದರೆ 1924–25. 1343 ಫಸಲಿ ಎಂದರೆ 1933–34. ಹತ್ತಿರ ಹತ್ತಿರ ಒಂಬತ್ತು ವರ್ಷದ ಅಂತರ. ಸಂಖ್ಯೆಯ ಮುಂದೆ ಯಾವ ಮಾತಿದೆ ಎಂದು ಓದಿಸದೆ ಮುಂದೆ ಹೋಗಬೇಡಿ.

4. ಮೊತ್ತವನ್ನು ಸರಿಯಾಗಿ ಓದಿ

ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ಎರಡೂ ನಾಣ್ಯ ಪದ್ಧತಿಯಲ್ಲಿ ಇದು ಒಂದೇ. ಚಿಲ್ಲರೆಯಲ್ಲಿ ಮಾತ್ರ ಮೋಸ ಹೋಗಬಹುದು: ಹೈದರಾಬಾದಿನಲ್ಲಿ ಎರಡು ಪೈ ನಾಣ್ಯ ಓಡುತ್ತಿತ್ತು, ಅಂಥವು ಆರು ಕೂಡಿದರೆ ಒಂದು ಆಣೆ. ಬ್ರಿಟಿಷ್ ಕಡೆಯ ಪೈಸೆ ಮೂರು ಪೈ, ನಾಲ್ಕು ಕೂಡಿದರೆ ಆಣೆ. ‘ಇಷ್ಟು ಪೈಸೆ’ ಎಂಬ ಬಾಯಿ ಲೆಕ್ಕವನ್ನು ನಂಬಬೇಡಿ. ಆಣೆ ಪೈಯಲ್ಲಿ ಬರೆದಿದ್ದನ್ನೇ ತೆಗೆದುಕೊಳ್ಳಿ.

ಕನ್ನಡದಲ್ಲಿ ಬರೆದ ಖಾತೆ ಪುಸ್ತಕಗಳಲ್ಲಿ ರೂಪಾಯಿಯ ಅಂಕೆಯ ಮುಂದೆ ಗೆರೆಗಳಿರುತ್ತವೆ. ನಿಂತ ಗೆರೆ ಒಂದೊಂದೂ ಕಾಲು ರೂಪಾಯಿ, ಅಂದರೆ ನಾಲ್ಕು ಆಣೆ. ಮಲಗಿದ ಗೆರೆ ಒಂದೊಂದೂ ಒಂದು ಆಣೆ. ಎರಡು ನಿಂತ ಗೆರೆ, ಎರಡು ಮಲಗಿದ ಗೆರೆ ಇದ್ದರೆ ಹತ್ತು ಆಣೆ. ಇದನ್ನು ತಿಳಿಯದವರು ನಿಂತ ಗೆರೆಯನ್ನು ಒಂದು ಎಂಬ ಅಂಕೆ ಎಂದು ಓದಿ, ಐದೂವರೆ ರೂಪಾಯಿಯನ್ನು ಐನೂರ ಹನ್ನೊಂದು ಮಾಡಿಬಿಡುತ್ತಾರೆ.

ಉರ್ದು ಅಂಕೆಗಳಲ್ಲಿ ಏಳು ಮತ್ತು ಎಂಟು ಒಂದೇ ಗುರುತನ್ನು ತಲೆಕೆಳಗು ಮಾಡಿದಂತಿರುತ್ತವೆ. ಎರಡು ಗೆರೆ ಕೂಡುವ ತುದಿ ಕೆಳಗಿದ್ದರೆ 7, ಮೇಲಿದ್ದರೆ 8. ಸೊನ್ನೆ ಬರೀ ಒಂದು ಚುಕ್ಕೆ. ಶಾಯಿ ಸಿಡಿದ ಕಾಗದದಲ್ಲಿ ಅದು ಸೊನ್ನೆಯೋ ಕಲೆಯೋ ಎಂದು ಹೇಳುವುದು ಕಷ್ಟ. ಹಾಗಿದ್ದಾಗ ಅಕ್ಷರದಲ್ಲಿ ಬರೆದ ಮೊತ್ತವನ್ನು ಹುಡುಕಿ. ಬಹುತೇಕ ಕರಾರುಗಳಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದು ‘ಅದರ ಅರ್ಧ ಇಷ್ಟು’ ಎಂದೂ ಸೇರಿಸಿರುತ್ತಾರೆ, ತಿದ್ದುವವರ ಕೈ ಕಟ್ಟಲು. ಆ ಅರ್ಧವನ್ನು ಎರಡರಿಂದ ಗುಣಿಸಿ ತಾಳೆ ನೋಡಿ.

ನಿಜಾಮರ ಕಂದಾಯದ ಹಳೆಯ ಕಡತಗಳಲ್ಲಿ ಮಾಮೂಲಿ ಅಂಕೆಗಳೂ ಇರದೆ, ಅರಬ್ಬಿ ಸಂಖ್ಯಾಪದಗಳನ್ನು ಮೊಟಕು ಮಾಡಿದ ‘ರಖಮ್’ ಎಂಬ ಗುರುತುಗಳು ಇರುತ್ತವೆ. ಉರ್ದು ಪತ್ರಿಕೆ ಸರಾಗವಾಗಿ ಓದುವವರಿಗೂ ಇದು ಬರುವುದಿಲ್ಲ. ಹಳೆಯ ದಾಖಲೆ ಓದಿ ಅನುವಾದಿಸಿಕೊಡುವ ಅನುಭವಿಗಳನ್ನೇ ಹಿಡಿಯಬೇಕು. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

5. ಆ ವರ್ಷದ ದರ ಯಾವುದು?

ಎರಡು ರೂಪಾಯಿಗಳ ನಂಟಿನ ಚರಿತ್ರೆಯನ್ನು ತಿಳಿಯದೆ ದರ ಹಚ್ಚುವುದು ಕುರುಡು ಲೆಕ್ಕ. ಹಿಂದಿನಿಂದ ಇಂದಿನ ಕಡೆಗೆ ಬರೋಣ.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಸಂಸ್ಥಾನದಲ್ಲಿ ಒಂದೇ ರೂಪಾಯಿ ಇರಲಿಲ್ಲ. ಗದ್ವಾಲ, ನಾರಾಯಣಪೇಟೆ, ಸುರಪುರ ಹೀಗೆ ರಾಯಚೂರಿನ ಸುತ್ತಲೇ ಬೇರೆ ಬೇರೆ ಟಂಕಸಾಲೆಗಳ ನಾಣ್ಯಗಳಿದ್ದವು, ಪ್ರತಿಯೊಂದಕ್ಕೂ ಪ್ರತ್ಯೇಕ ವಟ್ಟ. ಹಾಲಿ ಸಿಕ್ಕಾ ಗಟ್ಟಿಯಾಗಿ ನೆಲೆಗೊಂಡದ್ದು ಮೊದಲನೆಯ ಸಾಲಾರ್ ಜಂಗ್ ದಿವಾನರಾಗಿದ್ದ ಕಾಲದಲ್ಲಿ. ಇದರ ನಡುವೆ 1853ರಿಂದ 1860ರವರೆಗೆ ರಾಯಚೂರು ದೋಆಬ್, ಅಂದರೆ ಕೃಷ್ಣೆ ತುಂಗಭದ್ರೆಯರ ನಡುವಿನ ನೆಲ, ಬ್ರಿಟಿಷರ ಆಡಳಿತದಲ್ಲಿತ್ತು. ಈ ಏಳು ವರ್ಷದ ರಾಯಚೂರು ಕಾಗದ ಸಿಕ್ಕರೆ ನಿಜಾಮರದೆಂದು ಕಣ್ಣು ಮುಚ್ಚಿ ಹೇಳಬೇಡಿ.

ಎರಡು ರೂಪಾಯಿಗಳೂ ಬೆಳ್ಳಿಯವಾಗಿದ್ದಾಗ ದರದ ಬುಡದಲ್ಲಿ ಇದ್ದದ್ದು ಬೆಳ್ಳಿಯೇ. ಚಾರ್‌ಮಿನಾರ್ ರೂಪಾಯಿ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ 82ರಷ್ಟು. ಕಲ್ದಾರ್ 11.66 ಗ್ರಾಂ, ಬೆಳ್ಳಿ ಹನ್ನೆರಡರಲ್ಲಿ ಹನ್ನೊಂದು ಪಾಲು. ಗುಣಿಸಿ ನೋಡಿ: ಒಂದರಲ್ಲಿ ಸುಮಾರು 9.15 ಗ್ರಾಂ ಶುದ್ಧ ಬೆಳ್ಳಿ, ಇನ್ನೊಂದರಲ್ಲಿ 10.69 ಗ್ರಾಂ. ಭಾಗಿಸಿದರೆ 0.856. ಆರನ್ನು ಏಳರಿಂದ ಭಾಗಿಸಿದರೆ 0.857. ಏಳಕ್ಕೆ ಆರು ಎಂಬುದು ಆಕಾಶದಿಂದ ಉದುರಿದ್ದಲ್ಲ ಎಂದು ಇದರಿಂದ ತಿಳಿಯುತ್ತದೆ.

ಹಾಗೆಂದು ದರ ಸದಾ ಅಲ್ಲೇ ನಿಂತಿರಲಿಲ್ಲ. 1893ರಲ್ಲಿ ಬ್ರಿಟಿಷ್ ಇಂಡಿಯಾದ ಟಂಕಸಾಲೆಗಳು ಜನರ ಬೆಳ್ಳಿಯನ್ನು ತೆಗೆದುಕೊಂಡು ರೂಪಾಯಿ ಮಾಡಿಕೊಡುವುದನ್ನು ನಿಲ್ಲಿಸಿದವು. ಅಲ್ಲಿಂದ ಕಲ್ದಾರ್‌ನ ಬೆಲೆ ಅದರೊಳಗಿನ ಬೆಳ್ಳಿಯ ಬೆಲೆಯಿಂದ ಬೇರೆಯಾಯಿತು. ಬೆಳ್ಳಿಯನ್ನು ತೂಗಿ ಹಾಲಿ ಸಿಕ್ಕಾದ ದರ ಹೇಳುವುದು ಆಮೇಲೆ ಆಗದ ಮಾತು. 1900ರ ಹಿಂದುಮುಂದಿನ ಪತ್ರಗಳಿಗೆ ಆ ವರ್ಷದ್ದೇ ದರ ಬೇಕು. ಅದೇ ಗಂಟಿನಲ್ಲಿ ‘ಹಾಲಿ ಇಷ್ಟು, ಕಲ್ದಾರ್ ಇಷ್ಟು’ ಎಂದು ಎರಡೂ ಬರೆದ ರಸೀದಿ ಒಂದಾದರೂ ಇದ್ದೀತು, ಅದಕ್ಕಿಂತ ಒಳ್ಳೆಯ ಆಧಾರ ಇಲ್ಲ. ಇಲ್ಲದಿದ್ದರೆ ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳನ್ನು ನೋಡಬೇಕು. ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ನಿಜಾಮರ ಕಾಲದ ದಾಖಲೆಗಳಿವೆ. ಬಳ್ಳಾರಿಯ ಕಡತಗಳಿಗೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರ.

1918ರಲ್ಲಿ ಸಂಸ್ಥಾನ ತನ್ನದೇ ಕಾಗದದ ನೋಟು ಹೊರಡಿಸಿತು. ಉಸ್ಮಾನಿಯಾ ಸಿಕ್ಕಾದ ಕಾಲಕ್ಕೆ ಬಂದರೆ ನಿಮ್ಮ ಕೆಲಸ ಹಗುರ. ಸಮದರ ನೂರು ಕಲ್ದಾರ್‌ಗೆ ಉಸ್ಮಾನಿಯಾ 116 ರೂಪಾಯಿ 10 ಆಣೆ 8 ಪೈ. ಇದೇ ಏಳಕ್ಕೆ ಆರು. ಹಳೆಯ ಇಂಗ್ಲಿಷ್ ವರದಿಯಲ್ಲಿ ‘116-10-8’ ಎಂದು ಕಂಡರೆ ಬೆಚ್ಚಬೇಡಿ, ಅದು ದೂರವಾಣಿ ಸಂಖ್ಯೆಯಲ್ಲ. ಪೇಟೆಯ ದರ ಇದರ ಆಚೀಚೆ ಸ್ವಲ್ಪ ಜಗ್ಗುತ್ತಿತ್ತು, ಮನೆಯ ಪತ್ರದ ಲೆಕ್ಕಕ್ಕೆ ಅದು ಮುಖ್ಯವಲ್ಲ. 1940ರಲ್ಲಿ ಬ್ರಿಟಿಷರು ಕಲ್ದಾರ್‌ನ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, 1947ರಲ್ಲಿ ಬೆಳ್ಳಿಯನ್ನೇ ತೆಗೆದು ನಿಕಲ್ ಹಾಕಿದರು. ಆದರೂ ದರ ಬದಲಾಗಲಿಲ್ಲ. ಆ ಹೊತ್ತಿಗೆ ಅದನ್ನು ಹಿಡಿದು ನಿಲ್ಲಿಸಿದ್ದು ಸರ್ಕಾರ.

ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರ್ ಸೇನಾ ಕಾರ್ಯಾಚರಣೆಯೊಂದಿಗೆ ಸಿಕ್ಕಾ ಮಾಯವಾಯಿತು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 1950ರಲ್ಲಿ ಭಾರತದ ರೂಪಾಯಿ ಅದರ ಜೊತೆಜೊತೆಗೆ ಬಂತು, ದರ ಅದೇ ಏಳಕ್ಕೆ ಆರು. ಮುಂದಿನ ಕೆಲವು ವರ್ಷ ಎರಡೂ ಕೈ ಬದಲಿಸಿದವು. 1959ರ ಹೊತ್ತಿಗೆ ಸಿಕ್ಕಾದ ಕಥೆ ಮುಗಿದಿತ್ತು. ಆದ್ದರಿಂದ 1950ರ ಮೇಲಿನ ಪತ್ರದಲ್ಲಿ ಬರೀ ‘ರೂಪಾಯಿ’ ಎಂದಿದ್ದರೆ ಎರಡನೆಯ ಹಂತಕ್ಕೆ ಹಿಂತಿರುಗಿ. ಅತಿ ಹೆಚ್ಚು ಗೊಂದಲದ ಕಾಗದಗಳು ಇವೇ.

6. ಈಗ ಲೆಕ್ಕ

ಸಿಕ್ಕಾದಿಂದ ಕಲ್ದಾರ್‌ಗೆ: ಆರರಿಂದ ಗುಣಿಸಿ ಏಳರಿಂದ ಭಾಗಿಸಿ. ಮೊದಲು ಎಲ್ಲವನ್ನೂ ಪೈಗೆ ಇಳಿಸಿಕೊಳ್ಳಿ.

ಪತ್ರದಲ್ಲಿ 425 ರೂಪಾಯಿ 10 ಆಣೆ 6 ಪೈ ಇದೆ ಎನ್ನಿ. 425ನ್ನು 192ರಿಂದ ಗುಣಿಸಿದರೆ 81,600. ಹತ್ತು ಆಣೆಗೆ 120, ಅದಕ್ಕೆ 6. ಒಟ್ಟು 81,726 ಪೈ. ಆರರಿಂದ ಗುಣಿಸಿದರೆ 4,90,356. ಏಳರಿಂದ ಭಾಗಿಸಿದರೆ 70,051ಕ್ಕೆ ಕೂದಲೆಳೆ ಕಡಿಮೆ. ಮತ್ತೆ 192ರಿಂದ ಭಾಗಿಸಿ: 364 ರೂಪಾಯಿ, ಉಳಿದದ್ದು 163 ಪೈ, ಅಂದರೆ 13 ಆಣೆ 7 ಪೈ. ಉತ್ತರ 364 ರೂಪಾಯಿ 13 ಆಣೆ 7 ಪೈ. ಈಗಿನ ಬರವಣಿಗೆಯಲ್ಲಿ 364 ರೂಪಾಯಿ 85 ಪೈಸೆ. ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೂ ಹಿಂದಿನ ಪತ್ರದ ವಿವರಣೆಯಲ್ಲಿ ಆಣೆ ಪೈಯನ್ನೂ ಉಳಿಸಿ.

ದಿಕ್ಕು ತಪ್ಪಿ ಏಳರಿಂದ ಗುಣಿಸಿ ಆರರಿಂದ ಭಾಗಿಸಿದರೆ ಇದೇ ಮೊತ್ತ 496 ರೂಪಾಯಿ ದಾಟುತ್ತದೆ. ಹಾಗಾಗದಿರಲು ಒಂದೇ ಪರೀಕ್ಷೆ: ಕಲ್ದಾರ್ ದೊಡ್ಡ ರೂಪಾಯಿ, ಆದ್ದರಿಂದ ಕಲ್ದಾರ್‌ನ ಸಂಖ್ಯೆ ಚಿಕ್ಕದಾಗಿಯೇ ಬರಬೇಕು.

ಎಕರೆಗೆ ಇಷ್ಟು ಎಂದು ದರ ಬರೆದಿದ್ದರೆ ಮೊದಲು ಸಿಕ್ಕಾದಲ್ಲೇ ಒಟ್ಟು ಮೊತ್ತ ಹಾಕಿ, ಪರಿವರ್ತನೆಯನ್ನು ಕೊನೆಗೆ ಒಂದೇ ಸಲ ಮಾಡಿ. ಎಕರೆಯ ದರವನ್ನೇ ಬದಲಿಸಿ ಗುಣಿಸುತ್ತ ಹೋದರೆ ಪೈಗಳ ತುಣುಕುಗಳು ಸೇರಿ ಆಣೆಗಳೇ ಏರುಪೇರಾಗುತ್ತವೆ. ಬಡ್ಡಿಯ ದರವನ್ನು ಮಾತ್ರ ಮುಟ್ಟಬೇಡಿ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಎಂದರೆ ಅಸಲೂ ಬಡ್ಡಿಯೂ ಒಂದೇ ನಾಣ್ಯದಲ್ಲಿ. ಅಸಲನ್ನು ಬದಲಿಸಿದರೆ ಸಾಕು, ಬಡ್ಡಿಗೂ ಆರು ಏಳು ಹಚ್ಚಿದರೆ ಎರಡು ಸಲ ಕಳೆದಂತಾಗುತ್ತದೆ.

7. ‘ಈಗ ಎಷ್ಟು ಬೆಲೆ?’

ಈ ಪ್ರಶ್ನೆಗೆ ಮೇಲಿನ ಲೆಕ್ಕ ಉತ್ತರ ಕೊಡುವುದಿಲ್ಲ. 364 ರೂಪಾಯಿ ಎಂದರೆ ಆ ವರ್ಷದ 364 ರೂಪಾಯಿ. ಚಿನ್ನದ ಬೆಲೆಗೆ ಹೋಲಿಸಿದರೆ ಒಂದು ಉತ್ತರ ಬರುತ್ತದೆ, ಜೋಳದ ಬೆಲೆಗೆ ಇನ್ನೊಂದು, ಕೂಲಿಗೆ ಮತ್ತೊಂದು. ನನಗೆ ಒಪ್ಪಿಗೆಯಾಗುವ ದಾರಿ ಒಂದೇ: ಅದೇ ಗಂಟಿನಲ್ಲಿ ಅದೇ ವರ್ಷಗಳ ಜೋಳದ ಚೀಟಿ, ಆಳಿನ ಸಂಬಳದ ಲೆಕ್ಕ, ಎತ್ತಿನ ಜೋಡಿಯ ಖರೀದಿ ಚೀಟಿ ಇದ್ದರೆ ಅದರ ಪಕ್ಕದಲ್ಲಿ ಇಟ್ಟು ನೋಡಿ. ಎಷ್ಟು ಚೀಲ ಜೋಳ, ಎಷ್ಟು ಜೊತೆ ಎತ್ತು ಎಂಬುದು ಕೋಟಿ ಲಕ್ಷಗಳ ಊಹೆಗಿಂತ ಹೆಚ್ಚು ಹೇಳುತ್ತದೆ.

ನ್ಯಾಯಾಲಯದ ವ್ಯಾಜ್ಯಕ್ಕೆ ಈ ಲೆಕ್ಕ ಬೇಕಾಗಿದ್ದರೆ ವಕೀಲರಿಗೆ ಉತ್ತರದ ಅಂಕೆಯನ್ನಷ್ಟೇ ಕೊಡಬೇಡಿ. ಒಂದು ಹಾಳೆಯಲ್ಲಿ ಪತ್ರದ ಮೂಲ ಮಾತು, ಅದರ ಅನುವಾದ, ಫಸಲಿ ಮತ್ತು ಇಸವಿ, ನೀವು ಹಿಡಿದ ದರ, ಅದನ್ನು ಹಿಡಿದ ಕಾರಣ, ಆಮೇಲೆ ಮೊತ್ತ, ಇಷ್ಟನ್ನೂ ಸಾಲಾಗಿ ಬರೆದು ಕೊಡಿ. ಮೂಲ ಪತ್ರವನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಶಾಯಿ ಕೆಡುತ್ತದೆ, ಹಿಂಬದಿಯ ಮೊಹರು ಪರೀಕ್ಷಿಸಲೂ ಆಗುವುದಿಲ್ಲ. ಗಂಟಿನಲ್ಲಿ ಸಿಕ್ಕ ಚಾರ್‌ಮಿನಾರ್ ರೂಪಾಯಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಅದನ್ನು ಯಾವ ಬ್ಯಾಂಕೂ ಬದಲಿಸಿ ಕೊಡುವುದಿಲ್ಲ, ನಾಣ್ಯ ಸಂಗ್ರಹಕಾರರು ಕೊಳ್ಳುತ್ತಾರೆ, ಅವರಿಗೆ ಕಪ್ಪು ಹಿಡಿದದ್ದೇ ಬೇಕು.